ತೆಲೊಕ್ ಆಯರ್ ದೇವಸ್ಥಾನ ಮತ್ತು ನಮ್ಮ ‘ಎಲ್ಲ ಒಂದೇ’

ಊರಿಂದ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವುದು ಸಿಂಗಪುರದಲ್ಲಿರುವ ಕನ್ನಡಿಗರಿಗೆಲ್ಲ ಇರುವ ತಲೆನೋವು. ಮರೀನಾ ಬೇ, ಸೆಂಟೋಸಾ, ಮುಸ್ತಫಾ ಅಂಗಡಿ ಮುಗಿದ ಮೇಲೆ ನಾನು ತೆಲೊಕ್ ಆಯರ್ ರಸ್ತೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಥಿಯನ್ ಹೋಕ್ ಕೆಂಗ್ ಅನ್ನುವ ಹಳೆಯ ಚೀನೀ ದೇವಸ್ಥಾನವಿದೆ. ಬಾಗಿಲಲ್ಲೇ ಪ್ರಶ್ನೆ ಬರುತ್ತದೆ: “ಇದು ಯಾವ ದೇವರದ್ದು?” ಮಾಜು ಅನ್ನುತ್ತೇನೆ, ಕಡಲು ಕಾಯುವ ತಾಯಿ, ಚೀನಾದ್ದೇ ಆದ ತಾವೋ ಮತದವರ ದೇವತೆ. ಹಿಂದಿನ ಗುಡಿಗೆ ಹೋದರೆ ಅಲ್ಲಿ ಬೌದ್ಧರ ಗುವಾನ್ ಯಿನ್ ಕೂತಿದ್ದಾಳೆ. ಪಕ್ಕದಲ್ಲಿ ಚೀನಾದ ಹಳೆಯ ನೀತಿಗುರು ಕನ್ಫ್ಯೂಷಿಯಸ್ ಇದ್ದಾನೆ. “ಹಾಗಾದ್ರೆ ಇವರೆಲ್ಲ ಯಾವ ಮತದವರು?” ಮೂರೂ ಅನ್ನುತ್ತೇನೆ. ಆಮೇಲೆ ಹೆಚ್ಚುಕಡಿಮೆ ಎಲ್ಲರೂ ಆಡುವ ಮಾತು ಒಂದೇ: “ಸರಿ ಬಿಡು, ಎಲ್ಲ ದೇವರೂ ಒಂದೇ ಅಲ್ವಾ?”

ನನ್ನ ತಕರಾರು ಇರುವುದು ಈ ಮಾತಿನ ಮೇಲೆ. ಮಾತು ಕೆಟ್ಟದ್ದಲ್ಲ. ನಾನೂ ಅದನ್ನೇ ಕೇಳಿ ಬೆಳೆದವನು. ಆದರೆ ಈ ದೇವಸ್ಥಾನದಲ್ಲಿ ಯಾರೂ ಹಾಗೆ ಹೇಳುವುದನ್ನು ನಾನು ಕೇಳಿಲ್ಲ. ಮಾಜು ಮಾಜುವೇ. ಗುವಾನ್ ಯಿನ್ ಗುವಾನ್ ಯಿನ್ನೇ. ಒಬ್ಬರು ಇನ್ನೊಬ್ಬರ ಅವತಾರ ಅಂತ ಹೇಳಿ ಲೆಕ್ಕ ಸರಿಮಾಡುವ ಅವಸರ ಇಲ್ಲಿ ಯಾರಿಗೂ ಇಲ್ಲ. ಮೂರು ಮತ ಒಂದೇ ಕಾಂಪೌಂಡಿನಲ್ಲಿವೆ. ಆದರೆ ಮೂರು ಮೂರಾಗಿಯೇ ಇವೆ.

ಮೊದಲು ಜಾಗದ ಬಗ್ಗೆ ಹೇಳಿಬಿಡುತ್ತೇನೆ. ಈಗ ಆ ರಸ್ತೆಯಲ್ಲಿ ನಿಂತರೆ ಸಮುದ್ರ ಎಲ್ಲಿದೆ ಅಂತ ಹುಡುಕಬೇಕು. ಸುತ್ತ ಬ್ಯಾಂಕು, ಆಫೀಸು, ಕಾಫಿ ಅಂಗಡಿ. ಆದರೆ 1880ರ ದಶಕದಲ್ಲಿ ಮಣ್ಣು ತುಂಬಿಸಿ ನೆಲ ಮಾಡುವ ತನಕ ಅಲೆ ಬಂದು ಬಡಿಯುತ್ತಿದ್ದದ್ದು ಈ ರಸ್ತೆಯ ಅಂಚಿಗೇ. ದಕ್ಷಿಣ ಚೀನಾದ ಫುಜಿಯನ್ ಕಡೆಯಿಂದ ಹಾಯಿ ಹಡಗಿನಲ್ಲಿ ಬಂದವರು ಇಲ್ಲೇ ಇಳಿಯುತ್ತಿದ್ದರು. ಬದುಕಿ ದಡ ಮುಟ್ಟಿದೆವಲ್ಲ ಅಂತ ಮೊದಲು ಮಾಜುವಿಗೆ ಊದುಬತ್ತಿ ಹಚ್ಚುತ್ತಿದ್ದರು. ಶುರುವಿನಲ್ಲಿ ಇದ್ದದ್ದು ಒಂದು ಸಣ್ಣ ಗುಡಿ. 1839ರಿಂದ 1842ರ ನಡುವೆ ಈಗಿನ ದೊಡ್ಡ ಕಟ್ಟಡ ಎದ್ದಿತು. 1840ರಲ್ಲಿ ಮಾಜುವಿನ ಮೂರ್ತಿ ಚೀನಾದಿಂದ ಬಂದಾಗ ಊರಿಗೆ ಊರೇ ಮೆರವಣಿಗೆ ಮಾಡಿತಂತೆ. ಹಣ ಕೊಟ್ಟವರಲ್ಲಿ ದೊಡ್ಡ ಹೆಸರು ಟಾನ್ ಟೊಕ್ ಸೆಂಗ್ ಎಂಬ ವ್ಯಾಪಾರಿಯದು. ಮಲಾಕ್ಕಾದಲ್ಲಿ ಹುಟ್ಟಿದವನು. ಅವನ ಹೆಸರಿನ ಆಸ್ಪತ್ರೆ ಈಗಲೂ ನಡೆಯುತ್ತಿದೆ. ಸಿಂಗಪುರದಲ್ಲಿ ಜ್ವರ ಬಂದವರೆಲ್ಲ ಅವನ ಹೆಸರು ಹೇಳುತ್ತಾರೆ, ಅವನು ದೇವಸ್ಥಾನ ಕಟ್ಟಿಸಿದವನು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಕಡಲು ದಾಟಿದ ದೇವರು ಅಂದ ಕೂಡಲೇ ಕರಾವಳಿಯವರಿಗೆ ಮಲ್ಪೆ ನೆನಪಾಗುತ್ತದೆ. ಬಿರುಗಾಳಿಗೆ ಸಿಕ್ಕಿದ ಹಡಗು, ದಡದಲ್ಲಿದ್ದ ಮಧ್ವಾಚಾರ್ಯರು, ಗೋಪೀಚಂದನದ ಗಟ್ಟಿಯೊಳಗಿಂದ ಬಂದ ಕೃಷ್ಣ. ಈ ಕಥೆ ಹೇಳಿದಾಗ ನನ್ನ ಚೀನೀ ಸಹೋದ್ಯೋಗಿಗೆ ಭಾರೀ ಖುಷಿಯಾಯಿತು. ಅವಳ ಪ್ರಶ್ನೆ ಮಾತ್ರ ಬೇರೆಯೇ. “ಹಡಗಿನವರು ಆಮೇಲೂ ಅಲ್ಲಿಗೆ ಪೂಜೆಗೆ ಬರ್ತಾರಾ?” ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ಕಥೆಯಲ್ಲಿ ಹಡಗಿನವರು ಮೂರ್ತಿ ಕೊಟ್ಟು ಮರೆಯಾಗುತ್ತಾರೆ. ಇಲ್ಲಿ ದೇವಸ್ಥಾನ ಇರುವುದೇ ಹಡಗಿನವರದು.

ಒಳಗೆ ಹೋಗೋಣ. ನೆಂಟರು ಮೊದಲು ಮಾಡುವ ಕೆಲಸ ಚಪ್ಪಲಿ ಬಿಚ್ಚುವುದು. ಬೇಡ, ಹಾಕಿಕೊಂಡೇ ಬನ್ನಿ ಅಂದರೆ ಅವರಿಗೆ ಒಂಥರಾ ಆಗುತ್ತದೆ. ಚೀನೀ ದೇವಸ್ಥಾನಗಳಲ್ಲಿ ಪಾದರಕ್ಷೆ ಬಿಡುವ ಪದ್ಧತಿ ಇಲ್ಲ. ಆದರೆ ಹೊಸ್ತಿಲು ತುಳಿಯುವಂತಿಲ್ಲ, ಅದು ನಮ್ಮ ಹಾಗೇ. ಹೊಸ್ತಿಲೂ ಸುಮ್ಮನೆ ಒಂದು ಪಟ್ಟಿಯಲ್ಲ, ಕಾಲೆತ್ತಿಯೇ ದಾಟಬೇಕಾದಷ್ಟು ಎತ್ತರ. ದಾಟುವಾಗ ಕಣ್ಣು ನೆಲದ ಮೇಲಿರುತ್ತದೆ, ತಲೆ ತಾನಾಗಿ ಬಗ್ಗುತ್ತದೆ. ನಮ್ಮ ಹಳೆಯ ಮನೆಗಳ ತಗ್ಗು ಬಾಗಿಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೊಸ್ತಿಲು ಮಾಡುತ್ತದೆ.

ಒಳಗೆ ತೆರೆದ ಅಂಗಳ. ಅದರಾಚೆ ಮುಖ್ಯ ಗುಡಿ. ಅಲ್ಲಿ ಮಾಜು. ಅವಳು 960ರಲ್ಲಿ ಫುಜಿಯನ್ನಿನ ಮೈಝೌ ದ್ವೀಪದಲ್ಲಿ ಹುಟ್ಟಿದ ಲಿನ್ ಮನೆತನದ ಹುಡುಗಿ ಅನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಬಿರುಗಾಳಿಯಲ್ಲಿ ನಾವಿಕರಿಗೆ ಕಾಣಿಸಿಕೊಂಡು ಕಾಪಾಡುತ್ತಾಳೆ ಅನ್ನುವ ನಂಬಿಕೆ ಬೆಳೆಯಿತು. ಒಂದೊಂದು ರಾಜವಂಶ ಒಂದೊಂದು ಬಿರುದು ಕೊಟ್ಟು ಕೊನೆಗೆ ಅವಳನ್ನು ಸ್ವರ್ಗದ ಮಹಾರಾಣಿ ಮಾಡಿತು. ಸತ್ತವರಿಗೆ ಸರ್ಕಾರ ಬಡ್ತಿ ಕೊಡುವುದು ಚೀನಾದಲ್ಲಿ ಹೊಸದೇನಲ್ಲ. ಅವಳ ಅಕ್ಕಪಕ್ಕ ಗುವಾನ್ ಡೀ ಎಂಬ ಯೋಧ, ಬಾವೊಶೆಂಗ್ ಎಂಬ ವೈದ್ಯ ದೇವರು. 1907ರಲ್ಲಿ ಚೀನಾದ ಚಕ್ರವರ್ತಿ ಗ್ವಾಂಗ್‌ಶು ಕಳಿಸಿದ ಫಲಕವೂ ಈ ಗುಡಿಗೆ ಬಂತು. ‘ದಕ್ಷಿಣದ ಕಡಲು ಶಾಂತವಾಗಿರಲಿ’ ಅನ್ನುವ ಅರ್ಥದ ನಾಲ್ಕು ಅಕ್ಷರ ಅದರಲ್ಲಿವೆ. ತಮಾಷೆ ಏನೆಂದರೆ, ಅಷ್ಟು ಹೊತ್ತಿಗೆ ಕಡಲು ದೇವಸ್ಥಾನದಿಂದ ದೂರ ಹೋಗಿ ಆಗಿತ್ತು.

ಹಿಂದಿನ ಗುಡಿ ಗುವಾನ್ ಯಿನ್‌ದು. ಅವಳು ಬೋಧಿಸತ್ವ, ಅಂದರೆ ಬೇರೆಯವರ ದುಃಖ ಕಳೆಯಲು ನಿಂತ ಬೌದ್ಧ ದೇವತೆ. ಕಷ್ಟದಲ್ಲಿರುವವರ ಕೂಗು ಕೇಳಿಸಿಕೊಳ್ಳುವವಳು. ಕನ್ಫ್ಯೂಷಿಯಸ್ ಎದುರು ಕೈಮುಗಿಯುವವರು ಹೆಚ್ಚಾಗಿ ಮಕ್ಕಳು, ಅದರಲ್ಲೂ ಪರೀಕ್ಷೆ ಹತ್ತಿರ ಬಂದಾಗ, ಮತ್ತು ಅವರ ಜೊತೆ ಅವರಿಗಿಂತ ಜಾಸ್ತಿ ಗಾಬರಿಯಾದ ಅಮ್ಮಂದಿರು. ದೇವಸ್ಥಾನದ ಪಕ್ಕಕ್ಕೆ ಅಂಟಿಕೊಂಡಂತೆ 1850ರ ಸುಮಾರಿಗೆ ಕಟ್ಟಿದ ಚೊಂಗ್‌ವೆನ್ ಗೆ ಅನ್ನುವ ಕಟ್ಟಡವಿದೆ. ಓದು ಬರಹಕ್ಕೆ ಮೀಸಲಾಗಿದ್ದ ಜಾಗ. ಬರೆದ ಕಾಗದವನ್ನು ಎಲ್ಲೆಂದರಲ್ಲಿ ಬಿಸಾಡಬಾರದು, ಒಟ್ಟುಮಾಡಿ ಗೌರವದಿಂದ ಸುಡಬೇಕು ಅನ್ನುವ ಪದ್ಧತಿ ಆ ಕಾಲದ ಚೀನೀಯರಲ್ಲಿತ್ತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1915ರಲ್ಲಿ ಆ ಕಟ್ಟಡದಲ್ಲೇ ಹೆಣ್ಣುಮಕ್ಕಳ ಶಾಲೆ ಶುರುವಾಯಿತು.

ನನಗೆ ಅಲ್ಲಿ ಅತಿ ಇಷ್ಟದ್ದು ಮರದ ಎರಡು ತುಂಡುಗಳು. ಅರ್ಧಚಂದ್ರದ ಆಕಾರ, ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಕೆಂಪು ಬಣ್ಣ ಕೈಯುಜ್ಜಿ ಉಜ್ಜಿ ಮಾಸಿರುತ್ತದೆ. ಒಬ್ಬ ವಯಸ್ಸಾದ ಆಂಟಿ (ಇಲ್ಲಿ ಅಪರಿಚಿತರಿಗೂ ಆಂಟಿ, ಅಂಕಲ್ ಅನ್ನುವುದೇ ರೂಢಿ) ಎರಡನ್ನೂ ಜೋಡಿಸಿ ಹಿಡಿದು ಕಣ್ಣು ಮುಚ್ಚಿ ಪಿಸುಗುಟ್ಟುತ್ತಿದ್ದರು. ತನ್ನ ಹೆಸರು, ವಿಳಾಸ, ವಿಷಯ ಎಲ್ಲ ಹೇಳಬೇಕಂತೆ, ದೇವರಿಗೆ ಗುರುತು ಸಿಗಬೇಕಲ್ಲ. ಆಮೇಲೆ ನೆಲಕ್ಕೆ ಬಿಟ್ಟರು. ಟಕ್ ಅಂತ ಸದ್ದು. ಎರಡೂ ಚಪ್ಪಟೆ ಮೈ ಮೇಲೆ. ಆಂಟಿ ನಕ್ಕರು. ಎರಡೂ ಚಪ್ಪಟೆ ಬಂದರೆ ದೇವರು ನಗುತ್ತಿದ್ದಾರೆ ಅಂತ ಅರ್ಥ, ಪ್ರಶ್ನೆ ಸರಿಯಾಗಿ ಕೇಳು ಅಂತ. ಎರಡೂ ಉಬ್ಬು ಮೇಲಾದರೆ ಇಲ್ಲ. ಒಂದು ಚಪ್ಪಟೆ, ಒಂದು ಉಬ್ಬು ಬಂದರೆ ಹೌದು. ದೊಡ್ಡ ವಿಷಯವಾದರೆ ಸಾಲಾಗಿ ಮೂರು ಸಲ ಹೌದು ಬರಬೇಕು. ಆಂಟಿ ಪ್ರಶ್ನೆ ಬದಲಿಸಿ ಮತ್ತೆ ಬಿಟ್ಟರು.

ನಮ್ಮ ಮಲೆನಾಡು, ಕರಾವಳಿಯ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆಯಲ್ಲ, ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಆಗುತ್ತದೆ ಅಂತ, ಇದು ಅದರ ದಾಯಾದಿ. ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಭಟ್ಟರು ಒಳಗಿರುತ್ತಾರೆ, ನಾವು ಹೊರಗೆ. ಕೇಳುವವರು ಅವರು, ಹೂ ಬಿತ್ತು ಅಂತ ಹೇಳುವವರೂ ಅವರು. ಇಲ್ಲಿ ನಡುವೆ ಯಾರೂ ಇಲ್ಲ. ಆಂಟಿ ಕೇಳಿದರು, ದೇವರು ನಕ್ಕರು, ಆಂಟಿಯೇ ಪ್ರಶ್ನೆ ತಿದ್ದಿಕೊಂಡರು. ಯಾರ ಮನೆಯವರು, ಯಾವ ಮತ ಅಂತ ಕೇಳುವ ಬಾಗಿಲೇ ಅಲ್ಲಿಲ್ಲ. ಮೂರು ಮತ ಒಟ್ಟಿಗೆ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಬಾಗಿಲು ಕಾಯುವವನಿದ್ದರೆ ತಾನೇ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅನ್ನುವ ಪ್ರಶ್ನೆ?

ನನ್ನ ಸಹೋದ್ಯೋಗಿಯನ್ನು ಒಮ್ಮೆ ನೇರವಾಗಿ ಕೇಳಿದೆ. ನೀನು ಯಾರನ್ನು ನಂಬುವುದು, ಬುದ್ಧನನ್ನೋ ಮಾಜುವನ್ನೋ? ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಹಲ್ಲು ನೋವಾದರೆ ಕಣ್ಣಿನ ಡಾಕ್ಟ್ರ ಹತ್ರ ಹೋಗ್ತೀಯಾ?” ಅಂದಳು. ಅಷ್ಟೇ ಉತ್ತರ.

ಇದು ಅವಳೊಬ್ಬಳ ಜಾಣತನವೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಚೀನಾ ಆಳಿದ ಸೊಂಗ್ ವಂಶದ ಶಾವೊಝೊಂಗ್ ಚಕ್ರವರ್ತಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. ಮನಸ್ಸು ತಿದ್ದಿಕೊಳ್ಳಲು ಬುದ್ಧ, ಮೈ ಕಾಪಾಡಿಕೊಳ್ಳಲು ತಾವೋ, ದೇಶ ನಡೆಸಲು ಕನ್ಫ್ಯೂಷಿಯಸ್. ಕೆಲಸ ಹಂಚಿದ್ದಾಯಿತು. ಉತ್ತರ ಚೀನಾದ ದಾತೊಂಗ್ ಹತ್ತಿರ ಬಂಡೆಗೆ ನೇತುಹಾಕಿದಂತೆ ಕಾಣುವ ಒಂದು ಮಠವಿದೆ. ಐದನೇ ಶತಮಾನದ ಕೊನೆಯಲ್ಲಿ ಶುರುವಾದದ್ದು. ಅದರ ಎತ್ತರದ ಒಂದು ಕೋಣೆಯಲ್ಲಿ ಬುದ್ಧ, ತಾವೋ ಮತದ ಮೂಲಗುರು ಲಾವೋತ್ಸು, ಕನ್ಫ್ಯೂಷಿಯಸ್ ಮೂವರೂ ಒಟ್ಟಿಗೆ ಕೂತಿದ್ದಾರೆ. ನಡುವೆ ಬುದ್ಧ. ಕನ್ಫ್ಯೂಷಿಯಸ್ ಪಂಡಿತರಿಗೆ ಇಂಥ ಜೋಡಣೆ ಹಿಡಿಸಿರಲಾರದು. ಮೂವರನ್ನು ಕೂರಿಸುವಾಗ ನಡುವಿನ ಕುರ್ಚಿ ಯಾರಿಗೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಚೀನಾದವರಿಗೆ ಇಷ್ಟವಾದ ಒಂದು ಹಳೆಯ ಕಥೆ ಇದೆ. ಲು ಪರ್ವತದ ಬೌದ್ಧ ಗುರು ಹುಯ್‌ಯುವಾನ್ ಅತಿಥಿಗಳನ್ನು ಬೀಳ್ಕೊಡುವಾಗ ಹುಲಿಹಳ್ಳ ದಾಟುವುದಿಲ್ಲ ಅಂತ ವ್ರತ ಹಿಡಿದಿದ್ದ. ಒಂದು ದಿನ ಕವಿ ತಾವೊ ಯುವಾನ್‌ಮಿಂಗ್, ತಾವೋ ಮತದ ಲು ಶಿಯುಜಿಂಗ್ ಬಂದಿದ್ದರು. ಕಳಿಸಿಕೊಡಲು ಹೊರಟವನು ಮಾತಾಡುತ್ತಾ ಆಡುತ್ತಾ ಹಳ್ಳ ದಾಟಿಯೇಬಿಟ್ಟ. ಹುಲಿ ಗರ್ಜಿಸಿತು. ಮೂವರೂ ಬಿದ್ದು ಬಿದ್ದು ನಕ್ಕರು. ಇತಿಹಾಸದ ಲೆಕ್ಕದಲ್ಲಿ ಈ ಮೂವರು ಹೀಗೆ ಸೇರುವುದು ಕಷ್ಟ, ವಯಸ್ಸೇ ತಾಳೆಯಾಗುವುದಿಲ್ಲ. ಆದರೂ ಚಿತ್ರಗಾರರು ಬಿಡಲಿಲ್ಲ. ಆ ಮೂವರು ಕೊನೆಗೆ ಒಂದೇ ಸತ್ಯ ಒಪ್ಪಿಕೊಂಡರು ಅಂತ ಕಥೆ ಹೇಳುವುದಿಲ್ಲ. ನಕ್ಕರು, ಅಷ್ಟೆ.

ಇಷ್ಟು ಹೇಳಿ ಚೀನಾದಲ್ಲಿ ಯಾವಾಗಲೂ ಹಾಲು ಜೇನಿನಂತೆ ಇದ್ದರು ಅಂದುಬಿಟ್ಟರೆ ಅದು ಸುಳ್ಳು. 845ರಲ್ಲಿ ತಾಂಗ್ ವಂಶದ ವುಝೊಂಗ್ ಚಕ್ರವರ್ತಿ ಬೌದ್ಧರ 4,600ಕ್ಕೂ ಹೆಚ್ಚು ಮಠಗಳನ್ನು ಮುಚ್ಚಿಸಿದ. ಎರಡೂವರೆ ಲಕ್ಷಕ್ಕೂ ಹೆಚ್ಚು ಭಿಕ್ಷುಗಳನ್ನು, ಭಿಕ್ಷುಣಿಯರನ್ನು ಕಾವಿ ಬಿಡಿಸಿ ತೆರಿಗೆ ಕಟ್ಟುವ ಸಾಲಿಗೆ ನಿಲ್ಲಿಸಿದ. ಅವನಿಗೆ ತಾವೋ ಮತದ ಮೇಲೆ ಒಲವು ಇತ್ತು, ಖಜಾನೆಯಲ್ಲಿ ದುಡ್ಡೂ ಬೇಕಿತ್ತು. ಮಂಗೋಲರ ಕಾಲದಲ್ಲಿ ಗಾಳಿ ತಿರುಗಿತು. ಆಸ್ಥಾನದ ವಾದದಲ್ಲಿ ಸೋತ ತಾವೋ ಮತದವರ ಪುಸ್ತಕಗಳು 1281ರಲ್ಲಿ ಬೆಂಕಿಗೆ ಹೋದವು. ಇಷ್ಟೆಲ್ಲ ಏಟು ತಿಂದ ಮೇಲೆ ಜನ ತಮ್ಮ ಮಟ್ಟದಲ್ಲಿ ಮೂರನ್ನೂ ಇಟ್ಟುಕೊಂಡರು. ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಕಡೆಗೆ ಬರುತ್ತೇನೆ. ಗುವಾನ್ ಯಿನ್ ಮೂಲದಲ್ಲಿ ಯಾರು ಗೊತ್ತಾ? ನಮ್ಮ ಅವಲೋಕಿತೇಶ್ವರ. ಭಾರತದಿಂದ ಹೋದ ಬೋಧಿಸತ್ವ. ಚೀನಾದಲ್ಲಿ ನಿಧಾನವಾಗಿ ಹೆಣ್ಣಿನ ರೂಪ ತಾಳಿದ. ಅದೇ ಅವಲೋಕಿತೇಶ್ವರ ಮಂಗಳೂರಿನಲ್ಲೂ ಇದ್ದಾನೆ. ಕದ್ರಿ ಮಂಜುನಾಥನ ದೇವಸ್ಥಾನದಲ್ಲಿ. ಆಳುಪ ರಾಜ ಕುಂದವರ್ಮ 968ರಲ್ಲಿ ಕದಿರಿಕಾ ವಿಹಾರದಲ್ಲಿ ಲೋಕೇಶ್ವರನ (ಅವಲೋಕಿತೇಶ್ವರನ ಇನ್ನೊಂದು ಹೆಸರು) ಮೂರ್ತಿ ನಿಲ್ಲಿಸಿದ ಅಂತ ಪೀಠದ ಶಾಸನ ಹೇಳುತ್ತದೆ. ಮಾಜು ಹುಟ್ಟಿದಳು ಅನ್ನುವ ವರ್ಷಕ್ಕೂ ಇದಕ್ಕೂ ಎಂಟೇ ವರ್ಷ ಅಂತರ. ಮೂರು ಮುಖ, ಆರು ಕೈ, ಕುಳಿತ ಕಂಚಿನ ಮೂರ್ತಿ. ಕಿರೀಟದಲ್ಲಿ ಪುಟ್ಟ ಬುದ್ಧ. ದಕ್ಷಿಣ ಭಾರತದ ಅತ್ಯುತ್ತಮ ಕಂಚಿನ ಮೂರ್ತಿಗಳ ಪಟ್ಟಿ ಮಾಡಿದರೆ ಅದರಲ್ಲಿ ಇದು ಇದ್ದೇ ಇರುತ್ತದೆ. ಅದೇ ಶಾಸನದಲ್ಲಿ ಕುಂದವರ್ಮ ತನ್ನನ್ನು ಶಿವನ ಪಾದಕಮಲದ ದುಂಬಿ ಅಂದುಕೊಂಡಿದ್ದಾನೆ. ಅಂದರೆ ಶಿವಭಕ್ತ ರಾಜ ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದ. ಆಮೇಲೆ ನಾಥಪಂಥದ ಜೋಗಿಗಳು ಬಂದರು. ಅವರ ಮಠ ಈಗಲೂ ಗುಡ್ಡದ ಮೇಲಿದೆ. ಮಂಜುನಾಥ ಶಿವನಾಗಿ ಪೂಜೆ ತೆಗೆದುಕೊಳ್ಳುತ್ತಿದ್ದಾನೆ. ಒಂದೇ ಜಾಗದಲ್ಲಿ ಬೌದ್ಧ, ನಾಥ, ಶೈವ ಮೂರೂ ಸೇರಿವೆ. ತೆಲೊಕ್ ಆಯರ್‌ಗಿಂತ ಸುಮಾರು ಒಂಬತ್ತು ಶತಮಾನ ಹಳೆಯದು.

ಮಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮ ಪ್ರತಿ ಸೋಮವಾರ ಕದ್ರಿಗೆ ಹೋಗುವವರು. ಆ ಮೂರು ಮುಖದ ದೇವರು ಯಾರು ಚಿಕ್ಕಮ್ಮ ಅಂತ ಕೇಳಿದೆ. “ಬ್ರಹ್ಮ ಇರ್ಬೇಕು” ಅಂದರು. ಲೋಕೇಶ್ವರ, ಬೌದ್ಧರವನು ಅಂತ ಹೇಳಿದೆ. “ಯಾರಾದ್ರೆ ಎಂತ ಮಾರಾಯ, ದೇವರಲ್ವಾ” ಅಂದರು.

ಚಿಕ್ಕಮ್ಮನ ಮಾತಿನಲ್ಲಿ ಒಂದು ದೊಡ್ಡತನ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಾವಿರ ವರ್ಷ ಆ ಮೂರ್ತಿಗೆ ಯಾರೂ ಕೈ ಹಚ್ಚಲಿಲ್ಲ. ಹೂ, ಎಣ್ಣೆ, ದೀಪ ಸಿಗುತ್ತಲೇ ಬಂತು. ಆದರೆ ಅದಕ್ಕೆ ಬೆಲೆಯಾಗಿ ಅವನ ಹೆಸರು ಹೋಯಿತು. ಗುವಾನ್ ಯಿನ್ ಚೀನಾಕ್ಕೆ ಹೋಗಿ ಗಂಡಿದ್ದವನು ಹೆಣ್ಣಾದರೂ ಬೋಧಿಸತ್ವ ಅನ್ನುವುದು ಹೋಗಲಿಲ್ಲ. ಮಾಜುವಿನ ಹಿಂದಿನ ಗುಡಿಯಲ್ಲಿ ಕೂತರೂ ಅವಳು ಬೌದ್ಧಳೇ. ಕದ್ರಿಯಲ್ಲಿ ಅವನು ಎಲ್ಲಿಗೂ ಹೋಗದೆ ಕೂತಲ್ಲೇ ಕೂತು ಬೇರೆ ಯಾರೋ ಆದ. ‘ಎಲ್ಲ ಒಂದೇ’ ಅಂದಾಗ ಸಾಮಾನ್ಯವಾಗಿ ಆಗುವುದು ಇದು. ದೊಡ್ಡವರ ಹೆಸರು ಉಳಿಯುತ್ತದೆ, ಚಿಕ್ಕವರದು ಅದರೊಳಗೆ ಸೇರಿಹೋಗುತ್ತದೆ. ಶೈವರು ಶಿವ ಅಂತ, ವೇದಾಂತಿಗಳು ಬ್ರಹ್ಮ ಅಂತ, ಬೌದ್ಧರು ಬುದ್ಧ ಅಂತ, ಜೈನರು ಅರ್ಹನ್ ಅಂತ ಯಾರನ್ನು ಪೂಜಿಸುತ್ತಾರೋ ಅನ್ನುವ ಬೇಲೂರಿನ ಶ್ಲೋಕ ನಮಗೆಲ್ಲ ಪ್ರಿಯ. ಭಾಷಣಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆ ಶ್ಲೋಕ ಮುಗಿಯುವುದು ಹೇಗೆ? ಅವನೇ ಕೇಶವ ಅಂತ.

ಹಾಗಂತ ನಮ್ಮಲ್ಲಿ ಬೇರೆ ದಾರಿಯೇ ಇರಲಿಲ್ಲ ಅಂತ ಅಲ್ಲ. ಧರ್ಮಸ್ಥಳವನ್ನೇ ನೋಡಿ. ದೇವರು ಶಿವ. ಪೂಜೆ ಮಾಡುವವರು ಮಾಧ್ವರು. ಹೆಗ್ಗಡೆ ಮನೆತನ ಜೈನರದು. ಬಸದಿಯಲ್ಲಿ ಚಂದ್ರನಾಥ ಸ್ವಾಮಿ. ಮೇಲೆ ಅಣ್ಣಪ್ಪ ದೈವ ಬೇರೆ. ಯಾರೂ ಇನ್ನೊಬ್ಬರಾಗಿಲ್ಲ, ಯಾರ ಹೆಸರೂ ಅಳಿದಿಲ್ಲ. ಸಹೋದ್ಯೋಗಿಗೆ ಇದನ್ನು ಬಿಡಿಸಿ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ, ಸರಿ ಅಂತ ತಲೆಯಾಡಿಸಿದಳು. ಅದೇ ಚಿಕ್ಕಮಗಳೂರಿನ ಬಾಬಾ ಬುಡನ್‌ಗಿರಿಯಲ್ಲಿ ದತ್ತಾತ್ರೇಯ, ಬಾಬಾ ಬುಡನ್ ಎರಡು ಹೆಸರೂ ಒಂದೇ ಗುಹೆಯಲ್ಲಿ ಇದ್ದವು. ನಮ್ಮ ಕಾಲದಲ್ಲಿ ಅದು ಕೋರ್ಟು ಮೆಟ್ಟಿಲು ಹತ್ತಿ ದಶಕಗಳಾದವು.

ಇನ್ನು ಇಲ್ಲಿನವರನ್ನು ಹೊಗಳಿ ಅಟ್ಟಕ್ಕೇರಿಸುವ ಮೊದಲು ಒಂದು ವಿಷಯ ಹೇಳಬೇಕು. ಥಿಯನ್ ಹೋಕ್ ಕೆಂಗ್ ಮೂರು ಮತದ ದೇವಸ್ಥಾನ ನಿಜ. ಆದರೆ ಕಟ್ಟಿದವರು ಹೊಕ್ಕಿಯನ್ ಜನ, ಅಂದರೆ ಫುಜಿಯನ್ನಿನ ಒಂದು ಭಾಗದ ಭಾಷೆಯವರು. ತಿಯೋಚು ಭಾಷೆಯವರಿಗೆ ಅವರದೇ ದೇವಸ್ಥಾನ, ಫಿಲಿಪ್ ರಸ್ತೆಯಲ್ಲಿ. ಅಲ್ಲೂ ಮಾಜು ಇದ್ದಾಳೆ! ಕ್ಯಾಂಟನೀಸ್ ಮತ್ತು ಹಕ್ಕಾ ಜನಕ್ಕೆ ಇದೇ ತೆಲೊಕ್ ಆಯರ್ ರಸ್ತೆಯಲ್ಲಿ 1824ರ ಫುಕ್ ತಕ್ ಚಿ ಇತ್ತು, ಈಗ ಅದು ಮ್ಯೂಸಿಯಂ. ಮೂರು ಮತ ಒಂದಾಗಿ ಕೂತವು, ಮೂರು ಊರಿನವರು ಒಂದಾಗಿ ಕೂರಲಿಲ್ಲ. 1854ರ ಮೇ ತಿಂಗಳಲ್ಲಿ ಹೊಕ್ಕಿಯನ್ನರಿಗೂ ತಿಯೋಚುಗಳಿಗೂ ಅಕ್ಕಿ ವ್ಯಾಪಾರದಲ್ಲಿ ಶುರುವಾದ ಸಣ್ಣ ಜಗಳ ಹತ್ತು ದಿನಕ್ಕೂ ಹೆಚ್ಚು ನಡೆದ ದೊಡ್ಡ ಗಲಭೆಯಾಯಿತು. ನೂರಾರು ಜನ ಸತ್ತರು. ಎರಡು ಕಡೆಯವರೂ ಅದೇ ಮಾಜುವಿಗೆ ಕೈಮುಗಿಯುತ್ತಿದ್ದವರು.

ನಮಗೆ ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೊರನಾಡಿಗೆ ಬಂದ ಮೇಲೂ ನಾವು ಮೊದಲು ಕನ್ನಡ ಸಂಘ ಕಟ್ಟುತ್ತೇವೆ, ಸರಿ. ಎಲ್ಲರೂ ಸೇರಿ ಗಣಪತಿ ಕೂರಿಸುತ್ತೇವೆ, ರಾಜ್ಯೋತ್ಸವಕ್ಕೆ ಬಾವುಟ ಹಾರಿಸುತ್ತೇವೆ. ಊಟದ ಹೊತ್ತಿಗೆ ನೋಡಿದರೆ ಜಾತಿಯ ವಾಟ್ಸ್ಯಾಪ್ ಗುಂಪಿನ ಪ್ರಕಾರ ಟೇಬಲ್ ತುಂಬಿರುತ್ತದೆ. ದೇವರನ್ನು ಒಂದು ಮಾಡುವುದು ಎಲ್ಲರಿಗೂ ಸುಲಭ. ಚೀನೀಯರು ದೇವರ ವಿಷಯದಲ್ಲಿ ಧಾರಾಳ, ಊರಿನ ವಿಷಯದಲ್ಲಿ ಬಿಗಿ. ನಾವು ದೇವರ ವಿಷಯದಲ್ಲಿ ಧಾರಾಳ, ಪಂಕ್ತಿಯ ವಿಷಯದಲ್ಲಿ ಬಿಗಿ.

ಹೊಕ್ಕಿಯನ್ನರ ಆ ಬಿಗಿ ಈಗ ಸಡಿಲವಾಗಿದೆ. ಮಕ್ಕಳೆಲ್ಲ ಇಂಗ್ಲಿಷ್, ಮ್ಯಾಂಡರಿನ್ ಕಲಿತರು. ಅಜ್ಜಿಯ ಭಾಷೆ ಅರ್ಥವಾಗದ ಮೊಮ್ಮಕ್ಕಳು ಬಂದರು. ಆದರೆ ಅದೇ ಹೊತ್ತಿಗೆ ಮೂರು ಮತಗಳನ್ನು ಬೇರೆ ಬೇರೆ ಮಾಡುವ ಕೆಲಸವೂ ಸದ್ದಿಲ್ಲದೆ ನಡೆಯಿತು. ಮಾಡಿದ್ದು ಯಾವ ಮತಾಂಧನೂ ಅಲ್ಲ, ಅರ್ಜಿ ಫಾರಂ.

1980ರ ದಶಕದಲ್ಲಿ ಸಿಂಗಪುರದ ಹೈಸ್ಕೂಲುಗಳಲ್ಲಿ ಧರ್ಮದ ಪಾಠ ಕಡ್ಡಾಯವಾಗಿತ್ತು. ಯಾವುದಾದರೂ ಒಂದು ಆರಿಸಿಕೊಳ್ಳಬೇಕು. ಬೈಬಲ್, ಇಸ್ಲಾಂ, ಹಿಂದೂ, ಸಿಖ್, ಬೌದ್ಧ, ಕನ್ಫ್ಯೂಷಿಯಸ್ ನೀತಿ, ಹೀಗೆ. ತಾವೋ ಆ ಪಟ್ಟಿಯಲ್ಲೇ ಇರಲಿಲ್ಲ. ಮನೆಯಲ್ಲಿ ಮೂರನ್ನೂ ಒಟ್ಟಿಗೆ ಮಾಡುತ್ತಿದ್ದ ಮಕ್ಕಳು ಶಾಲೆಯಲ್ಲಿ ಬೌದ್ಧವನ್ನೋ ಕನ್ಫ್ಯೂಷಿಯಸ್‌ನನ್ನೋ ಬೇರೆ ಬೇರೆ ಪುಸ್ತಕವಾಗಿ ಓದಿದರು. ದಶಕ ಮುಗಿಯುವ ಹೊತ್ತಿಗೆ ಸರ್ಕಾರವೇ ಆ ಯೋಜನೆ ಕೈಬಿಟ್ಟಿತು. ಜನಗಣತಿ ನೋಡಿ. 1980ರಲ್ಲಿ ತಾವೋ ಅಂತ ಬರೆಸಿದವರು ಶೇ. 30ರ ಹತ್ತಿರ. 1990ರಲ್ಲಿ ಶೇ. 22.4. 2000ದಲ್ಲಿ ಶೇ. 8.5. ಅದೇ 20 ವರ್ಷದಲ್ಲಿ ಬೌದ್ಧರು ಶೇ. 27ರಿಂದ ಶೇ. 42.5ಕ್ಕೆ ಏರಿದರು. 2020ರಲ್ಲಿ ಬೌದ್ಧರೂ ಶೇ. 31.1ಕ್ಕೆ ಇಳಿದು, ಯಾವ ಧರ್ಮವೂ ಇಲ್ಲ ಅಂದವರು ಶೇ. 20 ಆದರು. ಇಷ್ಟು ಜನ ನಿಜವಾಗಿ ಮತ ಬದಲಿಸಿದರಾ? ಒಂದಿಷ್ಟು ಜನ ಬದಲಿಸಿರಬಹುದು, ಕ್ರೈಸ್ತರಾದವರೂ ಇದ್ದಾರೆ. ಉಳಿದವರ ಮನೆಯಲ್ಲಿ ದೇವರ ಕಪಾಟು ಹಾಗೇ ಇದೆ ಅನ್ನುವುದು ನನ್ನ ಅಂದಾಜು. ಕೇಳಿದಾಗ ಹೇಳುವ ಹೆಸರು ಬದಲಾಯಿತು. ತಾವೋ ಅಂದರೆ ಅಜ್ಜಿಯ ಮೂಢನಂಬಿಕೆ, ಬೌದ್ಧ ಅಂದರೆ ಓದಿದವರ ಧರ್ಮ ಅನ್ನುವ ಭಾವನೆ ಹೇಗೋ ಬಂದು ಕೂತಿತು.

ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಇದನ್ನು ಹತ್ತಿರದಿಂದ ನೋಡಿದೆ. ಇಲ್ಲಿ ಸರ್ಕಾರಿ ವಸತಿ ಕಟ್ಟಡಗಳ ಕೆಳಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಮದುವೆ, ಸಾವು ಎರಡೂ ಅಲ್ಲೇ ನಡೆಯುತ್ತವೆ. ಅಂತ್ಯಕ್ರಿಯೆ ವಹಿಸಿಕೊಂಡವನು ಬಂದು ಕೇಳಿದ ಮೊದಲ ಪ್ರಶ್ನೆ, ಬೌದ್ಧ ವಿಧಿಯೋ ತಾವೋ ವಿಧಿಯೋ? ಮಂತ್ರ ಹೇಳುವವರು ಬೇರೆ, ಪರದೆ ಬೇರೆ, ದರ ಬೇರೆ. ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಅಪ್ಪ ಬದುಕಿದ್ದಾಗ ಮಾಜುವಿಗೂ ಹೋಗುತ್ತಿದ್ದರು, ಗುವಾನ್ ಯಿನ್ ಸೂತ್ರದ ಕ್ಯಾಸೆಟ್ಟೂ ಹಾಕುತ್ತಿದ್ದರು. ಕೊನೆಗೆ ಬೌದ್ಧ ಅಂದರು. ಕಾಗದದ ಮನೆ, ಕಾಗದದ ಕಾರು ಸುಡುವುದು ತಾವೋ ಪದ್ಧತಿ, ಬೇಡ ಅಂದುಕೊಂಡಿದ್ದರು. ಮೂರನೇ ದಿನ ದೊಡ್ಡಮ್ಮ ಒಬ್ಬರು ಕಾಗದದ ಮನೆ ಹೊತ್ತುಕೊಂಡೇ ಬಂದರು. ಯಾರೂ ಬೇಡ ಅನ್ನಲಿಲ್ಲ. ಹಿರಿಯರ ಮಾತು ಮೀರಬಾರದಲ್ಲ, ಅಲ್ಲಿ ಕನ್ಫ್ಯೂಷಿಯಸ್ ಬಂದ.

ಫಾರಂ ಎಷ್ಟೇ ಬೇರೆ ಮಾಡಲಿ, ಹೊಸ ಜೋಡಣೆಗಳೂ ಹುಟ್ಟುತ್ತಲೇ ಇವೆ. ಲೊಯಾಂಗ್ ಅನ್ನುವ ಕಡೆ ಒಂದು ದೇವಸ್ಥಾನ ಇದೆ. 1980ರ ದಶಕದಲ್ಲಿ ಸಮುದ್ರ ತೀರದಲ್ಲಿ ಯಾರೋ ಬಿಟ್ಟುಹೋದ ಬೇರೆ ಬೇರೆ ಮತದ ಮೂರ್ತಿಗಳನ್ನು ಕೆಲವರು ಒಟ್ಟುಮಾಡಿ ತಗಡಿನ ಗುಡಿಯಲ್ಲಿ ಇಟ್ಟರಂತೆ. 1996ರಲ್ಲಿ ಬೆಂಕಿಗೆ ಅದು ಸುಟ್ಟುಹೋಯಿತು. ಮತ್ತೆ ಕಟ್ಟಿದರು. 2007ರಲ್ಲಿ ಈಗಿನ ದೊಡ್ಡ ಜಾಗಕ್ಕೆ ಬಂತು. ತಾವೋ ದೇವರು, ಬುದ್ಧ, ಆಳೆತ್ತರದ ನಮ್ಮ ಗಣಪತಿ, ಜೊತೆಗೆ ಮಲಯ್ ಮುಸ್ಲಿಂ ಹಿರಿಯರೊಬ್ಬರ ನೆನಪಿನ ದಾತೋಕ್ ಗುಡಿ. ಚೀನೀಯರ ನೈವೇದ್ಯದಲ್ಲಿ ಹಂದಿಮಾಂಸ ಮಾಮೂಲು. ದಾತೋಕ್ ಗುಡಿಯ ಹತ್ತಿರ ಅದನ್ನು ತರುವಂತಿಲ್ಲ. ‘ಎಲ್ಲ ಒಂದೇ’ ಆಗಿದ್ದರೆ ಈ ನಿಯಮವೇ ಬೇಕಿರಲಿಲ್ಲ. ದಾತೋಕ್ ಬೇರೆ, ಅವನ ಊಟ ಬೇರೆ ಅಂತ ಗೊತ್ತಿದ್ದವರು ಮಾತ್ರ ಇಂಥ ನಿಯಮ ಮಾಡುತ್ತಾರೆ.

ನಮ್ಮ ಸ್ನೇಹಿತರೊಬ್ಬರು ಲೊಯಾಂಗ್‌ಗೆ ಬಂದು ಮುಖ ಗಂಟು ಹಾಕಿಕೊಂಡರು. ಗಣಪತಿಗೆ ಅಷ್ಟು ದಪ್ಪ ಊದುಬತ್ತಿ, ಎದುರು ಚಪ್ಪಲಿ ಕಾಲಲ್ಲಿ ನಿಂತ ಜನ, ಇದು ನಮ್ಮ ಸಂಪ್ರದಾಯ ಅಲ್ಲ ಅಂದರು. ನಿಜ, ಅಲ್ಲ. ಆದರೆ ವಾಟರ್‌ಲೂ ರಸ್ತೆಯಲ್ಲಿ ಗುವಾನ್ ಯಿನ್ ದೇವಸ್ಥಾನದಿಂದ ಹೊರಬಂದ ಚೀನೀಯರು ಎರಡು ಹೆಜ್ಜೆ ಹಾಕಿ ಪಕ್ಕದ ಕೃಷ್ಣನಿಗೂ ಊದುಬತ್ತಿ ಹಚ್ಚಿ ಹೋಗುವುದನ್ನು ಅದೇ ಸ್ನೇಹಿತರು ಫೋಟೋ ತೆಗೆದು ಊರಿಗೆ ಕಳಿಸಿದ್ದರು. ಅವರು ನಮ್ಮ ದೇವರ ಹತ್ತಿರ ಬಂದರೆ ಖುಷಿ. ನಮ್ಮ ದೇವರು ಅವರ ಪದ್ಧತಿಗೆ ಹೊಂದಿಕೊಂಡರೆ ಕಸಿವಿಸಿ. ಅವರನ್ನು ಬೈದು ಏನು ಪ್ರಯೋಜನ, ನನಗೂ ಮೊದಲ ಸಲ ಸ್ವಲ್ಪ ಹಾಗೇ ಆಗಿತ್ತು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಬೇಲೂರಿನ ಶ್ಲೋಕಕ್ಕಿಂತ ಶ್ರವಣಬೆಳಗೊಳದ ಒಂದು ಕಲ್ಲು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು. ಪಂಚಮಹಾವಾದ್ಯ, ಕಳಶದ ಹಕ್ಕಿನ ತಕರಾರು. ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ದೂರು ಒಯ್ದರು. ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ ಅಂತಲೂ ಹೇಳಿದ, ಆ ಮಾತನ್ನು ನಾವು ಈಗಲೂ ಹೇಳುತ್ತೇವೆ. ಕಲ್ಲಿನ ಮೇಲೆ ಅದರ ಮುಂದೆಯೂ ಬರವಣಿಗೆ ಇದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ವೈಷ್ಣವರ ಕಡೆಯಿಂದ ನೇಮಿಸಬೇಕು. ಮಿಕ್ಕ ದುಡ್ಡಿನಲ್ಲಿ ಹಾಳುಬಿದ್ದ ಬಸದಿಗಳನ್ನು ರಿಪೇರಿ ಮಾಡಿಸಿ ಸುಣ್ಣ ಹೊಡೆಸಬೇಕು.